ಹೊಳೆಯ ಈಚೆಯ ಪರೀಕ್ಷೆ

ಉಗಾರ ಬುದ್ರುಕದ ಹಾಲಿನ ಡೇರಿಯಲ್ಲಿ ಅಕ್ಕುತಾಯಿ ಹನ್ನೊಂದು ವರ್ಷದಿಂದ ಹಾಲಿನ ಪರೀಕ್ಷೆ ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹೆಂಗಸರು ಹಾಲಿನ ಕಿಟ್ಲಿ ಹಿಡಿದು ಸಾಲು ನಿಲ್ಲುತ್ತಿದ್ದರು. ಒಬ್ಬೊಬ್ಬರ ಹಾಲನ್ನೂ ಸಣ್ಣ ಬಾಟಲಿಗೆ ತೆಗೆದು, ಯಂತ್ರಕ್ಕೆ ಹಚ್ಚಿ, ಫ್ಯಾಟು ಎಷ್ಟು ಬಂತೆಂದು ಇವಳು ಗಟ್ಟಿಯಾಗಿ ಹೇಳಬೇಕು. ಪಕ್ಕದಲ್ಲಿ ಕೂತ ಹಳೆಯ ಸೆಕ್ರೆಟರಿ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಜಗಳ ಬಂದರೆ ಮಾತ್ರ ಬರೆದವರ ಮೇಲೆ ಬರುತ್ತಿರಲಿಲ್ಲ, ಹೇಳಿದವಳ ಮೇಲೆ ಬರುತ್ತಿತ್ತು.

“ಅಕ್ಕಾ, ನಿನ್ನೆ ಸಂಜೀಕ ಆರೂವರಿ ಇತ್ತು, ಇವತ್ತ ಐದೂಮುಕ್ಕಾಲ ಹೆಂಗಾತು? ಎಮ್ಮಿ ಅದ ಐತಿ, ಹೊಟ್ಟು ಅದ ಐತಿ.”

“ಎಮ್ಮಿ ಅದ ಐತಿ ಬೇ ಶೇವಂತಾ. ನಿಮ್ಮನಿ ನೀರಿನ ನಳಾನೂ ಅದ ಐತಿ.”

ಸಾಲೆಲ್ಲ ನಗುತ್ತಿತ್ತು. ಶೇವಂತಾ ಬೈಯುತ್ತ ಬೈಯುತ್ತ ತಾನೂ ನಗುತ್ತಿದ್ದಳು.

2017ರ ಮೇ ತಿಂಗಳಲ್ಲಿ ಡೇರಿಯ ಚೇರಮನ್ ಅಣ್ಣಾಸಾಬ ಎಲ್ಲರನ್ನೂ ಕೂಡಿಸಿ ಒಂದು ಸುದ್ದಿ ಹೇಳಿದ. ಹಾಲು ಒಕ್ಕೂಟದವರು ಕಂಪ್ಯೂಟರು ಕೊಡುತ್ತಾರಂತೆ. ಹಾಲು ತೂಗಿದ ಕೂಡಲೇ ಚೀಟಿ ತಾನಾಗಿಯೇ ಹೊರಗೆ ಬರುತ್ತದಂತೆ. ಹಳೆಯ ಸೆಕ್ರೆಟರಿಗೆ ಕಣ್ಣು ಮಂಜಾಗಿದೆ, ದಸರೆಗೆ ಅವರು ಬಿಡುತ್ತಾರೆ. ಆ ಜಾಗಕ್ಕೆ ಬರುವವರ ಹತ್ತಿರ ಕಂಪ್ಯೂಟರಿನ ಸರ್ಟಿಫಿಕೇಟು ಇರಬೇಕು.

“ನಮ್ಮೂರಾಗಿನವರು ಯಾರರೆ ಕಲತ್ರ ಚಲೋ ಆತು,” ಅಂದ ಅಣ್ಣಾಸಾಬ. “ಇಲ್ಲಂದ್ರ ಒಕ್ಕೂಟದವರ ತಮ್ಮ ಮನಷ್ಯಾನ್ನ ಕಳಸ್ತಾರ.”

ಅವತ್ತು ಅಕ್ಕುತಾಯಿ ಮನೆಗೆ ಬಂದು ಎಮ್ಮೆಗೆ ನೀರಿಡುವಾಗಲೂ ಅದೇ ವಿಚಾರ. ಹನ್ನೊಂದು ವರ್ಷ ತಾನು ಹೇಳಿದ್ದಾಯಿತು, ಇನ್ನೊಬ್ಬರು ಬರೆದದ್ದಾಯಿತು. ಒಮ್ಮೆ ಆ ಕುರ್ಚಿಯ ಮೇಲೆ ತಾನು ಕೂತರೆ? ಚಿಕ್ಕೋಡಿಯ ಶಾಲೆಯಲ್ಲಿ ಹತ್ತನೆಯ ಇಯತ್ತೆ ಪಾಸಾದವಳು ಅವಳು. ಹತ್ತೊಂಬತ್ತಕ್ಕೆ ಲಗ್ನವಾಗಿ ಈ ಊರಿಗೆ ಬಂದ ಮೇಲೆ ದೇವರ ಸ್ತೋತ್ರದ ಪುಸ್ತಕ ಬಿಟ್ಟರೆ ಓದಿದ್ದು ಕಡಿಮೆ. ವಯಸ್ಸು ನಲವತ್ತೊಂದು.

ಮಗಳು ಕಾಜಲ ಅಥಣಿಯ ಕಾಲೇಜಿಗೆ ಹೋಗುತ್ತಿದ್ದಳು. ಅವಳೇ ದಾರಿ ತೋರಿಸಿದಳು. “ಎಲ್ಲೀನೂ ಹೋಗೂದ ಬ್ಯಾಡವ್ವಾ. ಮೂರು ತಿಂಗಳ ಕೋರ್ಸ್ ಐತಿ, ಎಲ್ಲಾ ಆನ್‌ಲೈನ್. ಮನ್ಯಾಗ ಕುಂತ ಕಲಿಬಹುದು, ಕನ್ನಡದಾಗ.”

ಜೂನಿನಲ್ಲಿ ತಾಯಿ ಮಗಳು ಕೂಡಿ ಅರ್ಜಿ ತುಂಬಿದರು. ಹೆಸರು, ಹುಟ್ಟಿದ ದಿನ, ಫೋಟೋ ಎಲ್ಲ ಕಾಜಲ ಹಾಕಿದಳು. ಕೊನೆಗೆ ‘ಕೇಂದ್ರವನ್ನು ಆಯ್ಕೆ ಮಾಡಿ’ ಎಂದು ಊರುಗಳ ಹೆಸರು ಬಂದವು: ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ. ಅಷ್ಟರಲ್ಲಿ ಹಾಲು ಉಕ್ಕಿತೆಂದು ಕಾಜಲ ಒಳಗೆ ಓಡಿದಳು. ಲಗ್ನವಾಗಿ ಎಷ್ಟು ವರ್ಷವಾದರೇನು, ಊರು ಯಾವುದೆಂದು ಕೇಳಿದರೆ ಹೆಣ್ಣುಮಕ್ಕಳ ಬೆರಳು ತವರಿನ ಕಡೆಗೇ ಹೋಗುತ್ತದೆ. ಅಕ್ಕುತಾಯಿ ಚಿಕ್ಕೋಡಿಯ ಮೇಲೆ ಒತ್ತಿದಳು. ಕಲಿಯುವುದು ಮನೆಯಲ್ಲೇ ಅಂದ ಮೇಲೆ ಆ ಕೇಂದ್ರ ಯಾತಕ್ಕೆಂದು ಅವಳು ಕೇಳಲೂ ಇಲ್ಲ, ಮಗಳಿಗೆ ಹೇಳಲೂ ಇಲ್ಲ.

ಪಾಠ ಶುರುವಾಯಿತು. ಮನೆಯಲ್ಲಿ ನೆಟ್ಟು ಸರಿಯಾಗಿ ಹಿಡಿಯುತ್ತಿದ್ದುದು ಹಿತ್ತಲ ಬಾಗಿಲಿನಲ್ಲಿ ಮಾತ್ರ. ಅಲ್ಲಿ ಚಾಪೆ ಹಾಸಿ, ಮಗಳ ಹಳೆಯ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟುಕೊಂಡು ಅಕ್ಕುತಾಯಿ ಕೂರುತ್ತಿದ್ದಳು. ಎದುರಿಗೇ ದನದ ಕೊಟ್ಟಿಗೆ. ಗಂಡ ಭೂಪಾಲ ಕಬ್ಬಿನ ಹೊಲದಿಂದ ಬಂದವನು ನೋಡಿ, “ಎಮ್ಮೀನೂ ಲಕ್ಷ್ಯ ಕೊಟ್ಟು ಕೇಳಾಕತ್ತೈತಿ. ಇಬ್ಬರೂ ಪಾಸಾದ್ರ ಸರ್ಟಿಫಿಕೇಟ್ ಯಾರ ಕೊರಳಿಗೆ ಕಟ್ಟೂದು?” ಎಂದು ಕೇಳುತ್ತಿದ್ದ.

“ಮೊದಲ ಪಾಸಾದವರ ಕೊರಳಿಗೆ. ನೀವು ಮಾತ್ರ ಆ ಕಡೆ ಸರೀರಿ, ನೆಟ್ಟಿಗೆ ಅಡ್ಡ ಆಗಾಕತ್ತೀರಿ.”

ಅಕ್ಕುತಾಯಿ ದಿನಾ ಬೆಳಗಿನ ಡೇರಿ ಮುಗಿಸಿ ಬಂದು ಸಾಮಾಯಿಕಕ್ಕೆ ಕೂರುವವಳು. ನಲವತ್ತೆಂಟು ನಿಮಿಷ ಅಲುಗದೆ, ಮನಸ್ಸನ್ನು ಒಂದು ಕಡೆ ನಿಲ್ಲಿಸಿ ಕೂರುವುದು ಜೈನರ ಮನೆಯ ರೂಢಿ. ಪಾಠಕ್ಕೂ ಅವಳು ಅದೇ ಲೆಕ್ಕ ಇಟ್ಟುಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ನಲವತ್ತೆಂಟು ನಿಮಿಷ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾರು ಕರೆದರೂ ಏಳುತ್ತಿರಲಿಲ್ಲ. ಮೊದಮೊದಲು ಹೊಸ್ತಿಲ ಮೇಲೆ ಕೂರಬಾರದೆಂದು ಗೊಣಗಿದ ಅತ್ತೆ ಕಾಶಿಬಾಯಿ ವಾರ ಕಳೆಯುವಷ್ಟರಲ್ಲಿ ತಾನೂ ಬತ್ತಿ ಹೊಸೆಯುತ್ತ ಪಕ್ಕದಲ್ಲಿ ಬಂದು ಕೂತಳು. ಪರದೆಯ ಮೇಲೆ ಬಂದು ಪಾಠ ಹೇಳುತ್ತಿದ್ದವಳು ನೀಲಮ ಮೇಡಂ ಎಂಬ ಹುಡುಗಿ. ಮುದುಕಿಗೆ ಆಕೆಯ ಮೇಲೆ ಜೀವ.

“ಒಂದ ಸವನ ಮಾತಾಡತೈತಿ ಪಾಪ. ಮಧ್ಯಾಹ್ನ ಆಗಿ ಹೋತು, ಊಟಾ ಮಾಡೈತೋ ಇಲ್ಲೋ ಕೇಳ ಬೇ.”

“ಅತ್ತಿ, ಅದು ಮೊದಲ ರೆಕಾರ್ಡ್ ಮಾಡಿ ಇಟ್ಟದ್ದರಿ. ನಮ್ಮ ಮಾತು ಆಕಿಗೆ ಕೇಳೂದಿಲ್ಲ.”

“ಕೇಳದಿದ್ರೂ ಕೇಳಬೇಕವಾ ಉಂಡ್ರೇನಂತ.”

ಫೈಲು, ಫೋಲ್ಡರು ಎಂದರೆ ಅಕ್ಕುತಾಯಿಗೆ ಸುಲಭವಾಗಿ ತಿಳಿಯಿತು. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ ಇಡುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಕೋಷ್ಟಕದ ಪಾಠ ಬಂದಾಗಂತೂ ಡೇರಿಯ ರಿಜಿಸ್ಟರೇ ಎದುರಿಗೆ ಬಂದು ಕೂತಂತಾಯಿತು. ಅಳಿಸಿ ಹಾಕಿದ್ದು ಎಲ್ಲಿಯೂ ಹೋಗದೆ ಕಸದ ಬುಟ್ಟಿಯಲ್ಲಿ ಕೂತಿರುತ್ತದೆ ಎಂದು ತಿಳಿದ ದಿನ ಅವಳು ಆ ಬುಟ್ಟಿಯನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಮಾಡಿದ ಕರ್ಮವೂ ಹೀಗೇ ಎಲ್ಲೋ ಕೂತಿರುತ್ತದೆ ಎಂದು ಬಸದಿಯಲ್ಲಿ ಎಷ್ಟು ಸಲ ಕೇಳಿದ್ದಳೋ. ಎಡವಿದ್ದು ಪಾಸ್‌ವರ್ಡಿನಲ್ಲಿ. ಯಾರಿಗೂ ಗೊತ್ತಿರದ, ತನಗೆ ಮಾತ್ರ ಮರೆಯದ ಮಾತನ್ನು ಇಡಬೇಕೆಂದು ಮೇಡಂ ಹೇಳಿದಾಗ ಅವಳು ಣಮೋಕಾರ ಮಂತ್ರದ ಮೊದಲ ಎರಡು ಪದ ಇಟ್ಟಳು. ಅದನ್ನು ಕಾಶಿಬಾಯಿ ದಿನಾ ನಸುಕಿನಲ್ಲಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಕಾಜಲ ಬಿದ್ದು ಬಿದ್ದು ನಕ್ಕು ಬೇರೆ ಹಾಕಿಸಿದಳು.

ಜುಲೈಯಲ್ಲಿ ಚಾತುರ್ಮಾಸ ಬಂತು. ಮಳೆಗಾಲದ ನಾಲ್ಕು ತಿಂಗಳು ಜೈನ ತ್ಯಾಗಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಆ ವರ್ಷ ಉಗಾರದ ಬಸದಿಗೆ ಒಬ್ಬ ಮಾತಾಜಿ ಬಂದಿದ್ದರು. ನಿಪ್ಪಾಣಿಯ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರು, ಮಾತು ಕಡಿಮೆ, ಕೇಳುವುದು ಹೆಚ್ಚು. ಮೊದಲ ದಿನ ಹೆಂಗಸರೆಲ್ಲ ಅವರ ಎದುರಿಗೆ ಒಂದೊಂದು ನೇಮ ತೆಗೆದುಕೊಂಡರು. ಒಬ್ಬಳು ಸಕ್ಕರೆ ಬಿಟ್ಟಳು, ಒಬ್ಬಳು ಹಸಿರು ಕಾಯಿಪಲ್ಯ ಬಿಟ್ಟಳು. ಅಕ್ಕುತಾಯಿಯ ಪಾಳಿ ಬಂದಾಗ ಅವಳು ಕೈ ಮುಗಿದು, “ದೀಪಾವಳಿ ತನಕ ಕೃಷ್ಣಾ ಹೊಳಿ ದಾಟೂದಿಲ್ರಿ ಮಾತಾಜಿ,” ಅಂದಳು. ಇಂತಿಷ್ಟು ದಿನ ಇಂಥ ಗಡಿಯನ್ನು ದಾಟುವುದಿಲ್ಲ ಎಂದು ತನಗೆ ತಾನೇ ಎಲ್ಲೆ ಹಾಕಿಕೊಳ್ಳುವುದು ಗೃಹಸ್ಥ ಶ್ರಾವಕರಿಗೆ ಹೇಳಿದ ವ್ರತಗಳಲ್ಲಿ ಒಂದು. ಮಾತಾಜಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಹೊಳೆಯ ಆಚೆ ಕುಡಚಿ, ರಾಯಬಾಗ, ಚಿಕ್ಕೋಡಿ. ಈಚೆ ಐನಾಪುರ, ಕಾಗವಾಡ, ಅಥಣಿ. ಈಚೆಯಲ್ಲೇ ಅವಳ ಸಂಸಾರವೆಲ್ಲ ಇತ್ತು.

ಸೆಪ್ಟೆಂಬರ್ ಎರಡನೆಯ ತಾರೀಖಿಗೆ ಮೊಬೈಲಿಗೆ ಸಂದೇಶ ಬಂತು. ಪಾಠಗಳು ಮುಗಿದವು, ಕೊನೆಯ ಪರೀಕ್ಷೆಯನ್ನು ಕೇಂದ್ರಕ್ಕೆ ಬಂದು, ಅಲ್ಲಿಯ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು, ದಿನಾಂಕ ಸೆಪ್ಟೆಂಬರ್ ಹದಿನೇಳು, ಭಾನುವಾರ, ಕೇಂದ್ರ ಚಿಕ್ಕೋಡಿ.

ಕಾಜಲ ಎರಡು ಸಲ ಓದಿದಳು. “ಅವ್ವಾ, ಅಥಣಿ ಅಂತ ಹಾಕಿದ್ದಿಲ್ಲೇನ?”

“ಚಿಕ್ಕೋಡಿ ಒತ್ತಿದೆ.”

“ಯಾಕ?”

“ನಮ್ಮೂರಲ್ಲೇನ ಅದು!”

ಅವತ್ತು ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಮನೆಯವರೆಲ್ಲ ನ್ಯಾಯ ಹೇಳುವ ಪಂಚರಾದರು. ಭೂಪಾಲನ ವಾದ ನೇರವಾಗಿತ್ತು. “ಬಸ್ಸಿನ್ಯಾಗ ಕುಂತ ಬ್ರಿಜ್ಜಿನ ಮ್ಯಾಲ ಹಾದು ಹೋಗ್ತಿ. ನಿನ್ನ ಕಾಲು ನೀರಿಗೆ ಎಲ್ಲಿ ಹತ್ತತಾವ? ದಾಟಿದ್ದು ಬಸ್ಸು, ನೀ ಅಲ್ಲ.”

“ಹಂಗಂದ್ರ ಹಾಲಿಗೆ ನೀರು ಹಾಕಿದ್ದು ಚರಗಿ, ಶೇವಂತಾ ಅಲ್ಲ ಅಂದಂಗಾತು,” ಅಂದಳು ಅಕ್ಕುತಾಯಿ.

ಕಾಶಿಬಾಯಿ ಗಂಭೀರವಾಗಿ ಯೋಚಿಸಿ ಒಂದು ಉಪಾಯ ಹೇಳಿದಳು. “ಹೊಳಿ ಹುಟ್ಟೂದು ಮಹಾಬಳೇಶ್ವರದಾಗ ಅಂತಾರ. ಅಲ್ಲಿಗೆ ಹೋಗಿ, ಅದು ಹುಟ್ಟಿದ ಜಾಗಾದ ಹಿಂದಿಂದ ಸುತ್ತು ಹಾಕಿ ಚಿಕ್ಕೋಡಿಗೆ ಬಾ. ದಾಟಿದಂಗೂ ಆಗೂದಿಲ್ಲ, ಪರೀಕ್ಷಾನೂ ತಪ್ಪೂದಿಲ್ಲ.”

“ಪರೀಕ್ಷಾ ಹದಿನೇಳಕ್ಕ ಐತಿ ಆಯಿ, ಯುಗಾದಿಗಲ್ಲ,” ಅಂದಳು ಕಾಜಲ.

ನಕ್ಕಿದ್ದೇನೋ ಆಯಿತು. ಆದರೆ ಪಾತ್ರೆ ತೊಳೆಯುವಾಗ ಅಕ್ಕುತಾಯಿ ಎರಡೂ ಕಡೆಯ ಲೆಕ್ಕ ಹಾಕಿದಳು. ಪರೀಕ್ಷೆಗೆ ಹೋಗದಿದ್ದರೆ ಸರ್ಟಿಫಿಕೇಟು ಇಲ್ಲ; ದಸರೆಗೆ ಸರ್ಟಿಫಿಕೇಟು ಇಲ್ಲದಿದ್ದರೆ ಆ ಕುರ್ಚಿ ಇಲ್ಲ. ಹೋದರೆ ಮಾತಾಜಿಯ ಎದುರಿಗೆ, ದೇವರ ಎದುರಿಗೆ ಆಡಿದ ಮಾತು ಇಲ್ಲ.

ಮರುದಿನ ಕಾಜಲ ಒಂದು ಕಿಂಡಿ ಹುಡುಕಿದಳು. ಕೇಂದ್ರ ಬದಲಿಸಲು ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದಿತ್ತು. ಕಾರಣಗಳ ಪಟ್ಟಿ ಅಲ್ಲೇ ಇತ್ತು, ಒಂದನ್ನು ಆರಿಸಿದರಾಯಿತು: ಅನಾರೋಗ್ಯ, ವರ್ಗಾವಣೆ, ಮದುವೆ, ಹೆರಿಗೆ, ಇತರೆ.

“ಹೆರಿಗಿ ಅಂತ ಒತ್ತಿಬಿಡು,” ಅಂದ ಭೂಪಾಲ. “ನಮ್ಮವ್ವ ಕೂಸಿಗೆ ಕುಂಚಿಗಿ ಹೊಲಿಯಾಕ ಕುಂಡರತಾಳ.”

“ನಿಮಗ ನಾಚಿಕಿ ಅನ್ನೂದ ಇಲ್ರಿ!”

“ಅವ್ವಾ, ಅನಾರೋಗ್ಯ ಅಂತ ಹಾಕೂಣು. ಎಲ್ಲಾರೂ ಹಂಗ ಹಾಕೂದು. ಯಾರೂ ಕೇಳಾಕ ಬರೂದಿಲ್ಲ.”

ಅಕ್ಕುತಾಯಿ ಒಪ್ಪಲಿಲ್ಲ. ಒಂದು ನೇಮ ಉಳಿಸಿಕೊಳ್ಳಲು ಸುಳ್ಳು ಹೇಳಿದರೆ ಅದಕ್ಕಿಂತ ದೊಡ್ಡ ನೇಮ ಮುರಿದಂತಾಯಿತಲ್ಲ. ಅವಳು ‘ಇತರೆ’ ಎಂಬುದನ್ನು ಒತ್ತಿ, ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ತಾನೇ ಬರೆದಳು: ‘ನಾನು ಚಾತುರ್ಮಾಸ ಮುಗಿಯುವ ತನಕ ಕೃಷ್ಣಾ ಹೊಳೆ ದಾಟುವುದಿಲ್ಲ ಎಂದು ನೇಮ ತೆಗೆದುಕೊಂಡಿದ್ದೇನೆ. ಚಿಕ್ಕೋಡಿ ಆಚೆ ಇದೆ. ಅಥಣಿ ಈಚೆ ಇದೆ. ತಪ್ಪು ನನ್ನದೇ. ದಯವಿಟ್ಟು ಅಥಣಿ ಕೊಡಬೇಕು.’ ಯಾರ ಸಹಾಯವೂ ಇಲ್ಲದೆ ಅವಳು ಬರೆದ ಮೊದಲ ಬರಹ ಅದು.

ನಾಲ್ಕನೆಯ ದಿನ ಸಂಜೆ ಡೇರಿಯಿಂದ ಬರುವಾಗ ಫೋನು ಬಂತು. “ಅಕ್ಕುತಾಯಿ ಅವರಾ? ನಾನು ನೀಲಮ, ಕೋರ್ಸಿನಿಂದ ಮಾತಾಡ್ತಿದ್ದೇನೆ.” ಎರಡೂವರೆ ತಿಂಗಳಿಂದ ಕೇಳಿದ ದನಿ. ಅಕ್ಕುತಾಯಿ ರಸ್ತೆಯ ಪಕ್ಕಕ್ಕೆ ಸರಿದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ನಿಮ್ಮ ಅರ್ಜಿ ಓದಿದೆ. ಇಂಥ ಕಾರಣ ಯಾರೂ ಬರೆದಿರಲಿಲ್ಲ. ಆದರೆ ಅಥಣಿಯಲ್ಲಿ ಇರುವುದೇ ಇಪ್ಪತ್ತು ಕಂಪ್ಯೂಟರು, ಇಪ್ಪತ್ತೂ ತುಂಬಿವೆ. ಡಿಸೆಂಬರ್ ಹತ್ತಕ್ಕೆ ಮತ್ತೊಂದು ಪರೀಕ್ಷೆ ಇದೆ. ಆಗ ನಿಮ್ಮ ಹೆಸರನ್ನು ಅಥಣಿಗೆ ಹಾಕಬಹುದು. ಇಲ್ಲವಾದರೆ ಈ ಸಲ ಚಿಕ್ಕೋಡಿಯಲ್ಲೇ ಬರೀಬೇಕು. ನಾಡಿದ್ದರೊಳಗೆ ತಿಳಿಸ್ತೀರಾ?”

“ತಿಳಸ್ತೀನ್ರಿ ಮೇಡಂ.” ಆಮೇಲೆ ಏನೋ ನೆನಪಾಗಿ, “ನಿಮ್ಮ ಊಟಾ ಆತೇನ್ರಿ?” ಎಂದು ಕೇಳಿದಳು. ಆ ಕಡೆಯಿಂದ ನಗು ಬಂತು. “ಇನ್ನೂ ಇಲ್ಲ, ಮಾಡ್ತೀನಿ.”

ಮರುದಿನ ಮಧ್ಯಾಹ್ನ ಅಕ್ಕುತಾಯಿ ಬಸದಿಗೆ ಹೋದಳು. ಮಾತಾಜಿ ಚಾಪೆಯ ಮೇಲೆ ಕೂತು ಗ್ರಂಥ ಓದುತ್ತಿದ್ದರು. “ವಂದಾಮಿ ಮಾತಾಜಿ,” ಎಂದು ದೂರದಲ್ಲಿ ಕೂತು, ತವರಿನ ಮೇಲೆ ಒತ್ತಿದ ಬೆರಳಿನಿಂದ ಹಿಡಿದು ನೀಲಮ ಮೇಡಂ ಫೋನಿನ ತನಕ ಎಲ್ಲವನ್ನೂ ಹೇಳಿದಳು. ಮಾತಾಜಿ ನಡುವೆ ಬಾಯಿ ಹಾಕಲಿಲ್ಲ.

“ನೇಮಾ ತಗೊಳ್ಳೂ ಮುಂದ ಏನ್ ವಿಚಾರ ಮಾಡಿದ್ದಿ?” ಎಂದಷ್ಟೇ ಕೇಳಿದರು.

ಅಕ್ಕುತಾಯಿಯ ಮುಖ ಬಿಸಿಯಾಯಿತು. “ಖರೇ ಹೇಳ್ತೀನ್ರಿ. ಎಲ್ಲಾರೂ ಒಂದೊಂದು ಬಿಡಾಕತ್ತಿದ್ರು. ಚಹಾ ಬಿಡೂದು ನನ್ನಿಂದ ಆಗೂದಿಲ್ಲಂತ ಹೊಳಿ ಬಿಟ್ಟೆ. ಹೆಂಗೂ ಆ ಕಡೆ ಹೋಗೂ ಕೆಲಸ ಇರಲಿಲ್ಲ. ಸೋವಿ ನೋಡಿ ತಗೊಂಡದ್ದರಿ ಅದು.”

ಮಾತಾಜಿ ನಕ್ಕರು, ತುಟಿಯಲ್ಲಲ್ಲ, ಹೆಗಲು ಕುಣಿಯುವಂತೆ. ಆಮೇಲೆ ಶಾಂತವಾಗಿ ಹೇಳಿದರು. “ಹೋಗೂದಿದ್ರ ಹೋಗವಾ. ಕಲಿಯೂದು ಪಾಪದ ಕೆಲಸ ಅಲ್ಲ. ಬಂದ ಮ್ಯಾಲ ಎರಡು ಉಪವಾಸ ಪ್ರಾಯಶ್ಚಿತ್ತ ಕೊಡ್ತೀನಿ, ಮುಗೀತು. ನಾ ಸಿಟ್ಟಾಗೂದಿಲ್ಲ, ಊರಾಗ ಯಾರೂ ಏನೂ ಅನ್ನೂದಿಲ್ಲ. ಇನ್ನ ನಿನ್ನ ಮನಸ್ಸು ಏನಂತೈತಿ ಹೇಳು.”

ದಾರಿ ಅಷ್ಟು ಸುಲಭವಾಗಿ ತೆರೆದುಕೊಳ್ಳುತ್ತದೆಂದು ಅವಳು ಎಣಿಸಿರಲಿಲ್ಲ. ಬಸದಿಯ ತಣ್ಣನೆಯ ಕಲ್ಲಿನ ಮೇಲೆ ಕೂತು ತನ್ನೊಳಗೆ ತಾನೇ ಹುಡುಕಿದಳು. ಎರಡು ತಿಂಗಳು ನೇಮ ಇದೆ ಎಂಬುದು ಅವಳಿಗೆ ನೆನಪೇ ಇರಲಿಲ್ಲ. ಅದು ಅವಳನ್ನು ಎಲ್ಲಿಯೂ ತಡೆದಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಈಗ ಮೊದಲನೆಯ ಸಲ ಕೇಳುತ್ತಿದೆ. ಕೇಳಿದ ಕೂಡಲೇ ಕೈ ಬಿಡುವುದೆಂದರೆ ಅವಳಿಗೆ ಯಾಕೋ ಮನಸ್ಸು ಬರಲಿಲ್ಲ. ಮನೆಗೆ ಬಂದ ಅತಿಥಿ ನೀರು ಕೇಳಿದ್ದಕ್ಕೆ ಬಾಗಿಲು ಹಾಕಿಕೊಂಡಂತೆ ಅನಿಸಿತು.

“ಡಿಸೆಂಬರಿಗೆ ಹೋಗ್ತೀನ್ರಿ ಮಾತಾಜಿ.”

“ಡೇರಿ ಕೆಲಸ?”

“ಸಿಕ್ರ ಸಿಗತೈತಿ.” ಹಾಗೆ ಅಂದು ಅವಳು ಕೈ ಮುಗಿದಳು. ಮಾತಾಜಿ ಪಿಂಛಿ ಎತ್ತಿದರು.

ಅಣ್ಣಾಸಾಬನಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಅವನೂ ಜೈನನೇ, ಮಾತಾಜಿ ಊರಿಗೆ ಬಂದ ದಿನ ಮೆರವಣಿಗೆಯ ಮುಂದೆ ನಡೆದವನು. ಸುದ್ದಿ ಕೇಳಿ ಅವನು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

“ನೇಮಾ ತಗೊಳ್ಳೂ ಮುಂದ ಒಂದ ಮಾತು ಕೇಳಬಾರದಾ ತಂಗಿ? ಬದನಿಕಾಯಿ ಬಿಡಬೇಕಿತ್ತು, ಹೊಳಿ ಯಾಕ ಬಿಟ್ಟಿ?”

“ತಪ್ಪಾತ್ರಿ ಅಣ್ಣಾ.”

“ಬಸದ್ಯಾಗ ನಿನ್ನ ನೇಮಕ್ಕ ಕೈ ಮುಗಿತೀನಿ. ಡೇರ್ಯಾಗ ಮಾತ್ರ ನನಗ ಕಾಗದಾ ಬೇಕು. ಒಕ್ಕೂಟಕ್ಕ ಬರೀತೀನಿ, ಅವರ ಮನಷ್ಯಾ ಬರ್ಲಿ. ಆಮ್ಯಾಲ ನಿಂದು ನೋಡೂಣು. ಮಾತು ಕೊಡೂದಿಲ್ಲ.”

ಅಕ್ಟೋಬರಿನಲ್ಲಿ ಕಂಪ್ಯೂಟರು ಬಂತು, ಅದರ ಹಿಂದೆಯೇ ಒಕ್ಕೂಟದ ಮನುಷ್ಯ ಬಂದ. ಹೆಸರು ಜಕ್ಕಪ್ಪ, ಊರು ಹೊಳೆಯ ಆಚೆಯ ಬೇಡಕಿಹಾಳ, ವಯಸ್ಸು ಐವತ್ತೆಂಟು. ಡೇರಿಯ ಹಿಂದಿನ ಕೋಣೆಯಲ್ಲಿ ಇಳಿದುಕೊಂಡ. ಮೊದಲ ದಿನವೇ ಯಾರೋ ಅವನಿಗೆ ಕತೆಯನ್ನೆಲ್ಲ ಹೇಳಿಬಿಟ್ಟಿದ್ದರು.

“ನೀನ ಏನವಾ ಹೊಳಿ ದಾಟದಾಕಿ?” ಎಂದು ಅವನು ಅಕ್ಕುತಾಯಿಯನ್ನು ಮೇಲಿಂದ ಕೆಳಗೆ ನೋಡಿದ. “ನೀ ದಾಟಲಿಲ್ಲಂತ ನಾ ದಾಟಿ ಬಂದೇನಿ ನೋಡು. ನಿನ್ನ ಪುಣ್ಯದಾಗ ನನಗೂ ಪಾಲು ಐತಿ.”

ಅಕ್ಕುತಾಯಿಗೆ ನಗು ಬಂತು. ಆದರೆ ತಾನು ಕೂರಬೇಕೆಂದಿದ್ದ ಕುರ್ಚಿಯಲ್ಲಿ ಅವನು ಕೂತಿದ್ದ. ಮತ್ತೆ ಮೊದಲಿನಂತೆಯೇ ತಾನು ಹೇಳುವುದು, ಇನ್ನೊಬ್ಬರು ಬರೆಯುವುದು. ಅದರಲ್ಲೂ ಜಕ್ಕಪ್ಪ ಎರಡೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ ಒತ್ತುತ್ತಿದ್ದ. ಸಾಲು ರಸ್ತೆಯ ತನಕ ಬೆಳೆಯುತ್ತಿತ್ತು. ಎಷ್ಟೋ ಸಲ ಅವಳ ಕೈ ತಾನಾಗಿಯೇ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಮನೆಗೆ ಬಂದು ಸಾಮಾಯಿಕಕ್ಕೆ ಕೂತರೆ ಕಣ್ಣು ಮುಚ್ಚಿದ ಕೂಡಲೇ ಆ ಕುರ್ಚಿಯೇ ಕಾಣುತ್ತಿತ್ತು. ನೇಮ ಉಳಿಯಿತಲ್ಲ ಎಂದು ಮನಸ್ಸಿಗೆ ಹೇಳಿದರೆ ಮನಸ್ಸು ಕೇಳುತ್ತಿರಲಿಲ್ಲ. ಆ ದಿನಗಳನ್ನು ಅವಳು ಯಾರ ಮುಂದೆಯೂ ದೊಡ್ಡದು ಮಾಡಿ ಹೇಳಲಿಲ್ಲ.

ಹತ್ತು ಹನ್ನೆರಡು ದಿನ ಹೀಗೆ ಹೋಯಿತು. ಒಂದು ಬೆಳಿಗ್ಗೆ ಪರದೆಯ ಮೇಲಿನ ಕೋಷ್ಟಕ ಪೂರ್ತಿ ಮಾಯವಾಗಿ ಜಕ್ಕಪ್ಪ ಬೆವರಿದ. ಹಿಂದಿನ ದಿನದ ಹಾಲೆಲ್ಲ ಅದರಲ್ಲಿತ್ತು.

“ಕಾಕಾ, ಕಸದ ಬುಟ್ಟಿ ನೋಡ್ರಿ,” ಅಂದಳು ಅಕ್ಕುತಾಯಿ.

“ಯಾವ ಬುಟ್ಟಿ? ಹೊರಗಿನದಾ?”

“ಒಳಗಿನದರಿ.” ಅವಳು ಬಗ್ಗಿ ಎಲ್ಲಿ ಒತ್ತಬೇಕೆಂದು ತೋರಿಸಿದಳು. ಕೋಷ್ಟಕ ಮರಳಿ ಬಂತು. ಜಕ್ಕಪ್ಪ ಅವಳ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಎದ್ದು ಪಕ್ಕದ ಸ್ಟೂಲಿನ ಮೇಲೆ ಕೂತ. “ಸಾಲು ಮುಗಿಯೂ ತನಕ ನೀ ಒತ್ತು. ನಾ ಬಾಟ್ಲಿ ಹಿಡಿತೀನಿ. ಹೆಸರು ನಂದ ಇರ್ಲಿ, ಬೆರಳು ನಿಂದು.”

ಅಂದಿನಿಂದ ಸಂಜೆಯ ಪಾಳಿ ಅವಳದಾಯಿತು. ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿ ಕಲಿತವಳಿಗೆ ಮೌಸು ಹೊಸದು. ಮೊದಲ ವಾರ ಅದು ಇಲಿಯ ಹಾಗೆಯೇ ಓಡಾಡಿತು. ಜಕ್ಕಪ್ಪ ಅದನ್ನು ಹಿಡಿಯುವುದನ್ನು ಕಲಿಸಿದ, ಚೀಟಿಯ ಸುರುಳಿ ಹಾಕುವುದನ್ನು ಕಲಿಸಿದ. ಹಾಲಿಗೆ ನೀರು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಬಾಟಲಿಯ ಅಂಚಿನಲ್ಲೇ ಗುರುತಿಸುವುದನ್ನು ಅವಳಿಂದ ಕಲಿತ. ದೀಪಾವಳಿ ಬಂತು, ಮಹಾವೀರ ಭಗವಾನರ ನಿರ್ವಾಣದ ಲಾಡು ಏರಿಸಿದರು, ಅಕ್ಕುತಾಯಿಯ ನೇಮ ಮುಗಿಯಿತು.

ಆದರೆ ನವೆಂಬರಿನಲ್ಲಿ ಒಂದು ದಿನ ಅವಳು ಬಾಟಲಿ ತೊಳೆಯುತ್ತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು. ಅಣ್ಣಾಸಾಬ ಹೇಳುತ್ತಿದ್ದ: “ಜಕ್ಕಪ್ಪ, ನೀವ ಇದ್ದುಬಿಡ್ರಿ. ನನಗೂ ತ್ರಾಸ ಇಲ್ಲ, ಒಕ್ಕೂಟಕ್ಕೂ ತ್ರಾಸ ಇಲ್ಲ.”

ಆಮೇಲೆ ಜಕ್ಕಪ್ಪನ ದನಿ. “ವಿಚಾರ ಮಾಡ್ತೀನ್ರಿ ಚೇರಮನ್ನರ. ಡಿಸೆಂಬರ್ ಮುಗೀಲಿ.”

ಅವನು ಒಲ್ಲೆ ಅನ್ನಲಿಲ್ಲ. ಅಕ್ಕುತಾಯಿ ಆ ಬಾಟಲಿಯನ್ನು ಮೂರು ಸಲ ತೊಳೆದಳು.

ಡಿಸೆಂಬರ್ ಹತ್ತರ ಬೆಳಿಗ್ಗೆ ಅವಳು ಕಾಜಲಳ ಜೊತೆ ಐನಾಪುರದ ಮೇಲೆ ಹೋಗುವ ಅಥಣಿ ಬಸ್ಸು ಹತ್ತಿದಳು. ಚೀಲದಲ್ಲಿ ಕಾಸಿ ಆರಿಸಿದ ನೀರು, ಎರಡು ಚಪಾತಿ, ಗುರುತಿನ ಚೀಟಿ. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುವಾಗ ಕಾಜಲಳಿಗೇ ಹೆಚ್ಚು ಭಯ. “ಅವ್ವಾ, ಗಡಿಬಿಡಿ ಮಾಡಬ್ಯಾಡ. ಮೊದಲ ಪ್ರಶ್ನಿ ಓದು, ಆಮ್ಯಾಲ ಒತ್ತು. ಊರಿನ ಹೆಸರು ಕೇಳಿದ್ರ ಮಾತ್ರ ಕೈ ಹಿಂದ ಕಟ್ಟಿಕೊಂಡು ಕುಂಡರು.”

ಕೇಂದ್ರದಲ್ಲಿ ಇಪ್ಪತ್ತು ಕಂಪ್ಯೂಟರುಗಳ ಮುಂದೆ ಕಾಜಲಳ ವಯಸ್ಸಿನ ಹತ್ತೊಂಬತ್ತು ಮಕ್ಕಳು, ನಡುವೆ ಅಕ್ಕುತಾಯಿ. ಮೇಲ್ವಿಚಾರಣೆಯ ಹುಡುಗಿ ಬಂದು, “ಪಾಲಕರು ಹೊರಗೆ ಕುಂಡ್ರಬೇಕ್ರಿ,” ಅಂದಳು. ಅಕ್ಕುತಾಯಿ ಪ್ರವೇಶದ ಚೀಟಿ ತೋರಿಸಿದಳು. ಹುಡುಗಿ ನಾಲಿಗೆ ಕಚ್ಚಿಕೊಂಡು, ಕುರ್ಚಿಯನ್ನು ತಾನೇ ಮುಂದಕ್ಕೆ ಎಳೆದು ಕೊಟ್ಟಳು.

ಐವತ್ತು ಪ್ರಶ್ನೆಗಳಲ್ಲಿ ಒಂಬತ್ತು ಅವಳಿಗೆ ತಿಳಿಯಲೇ ಇಲ್ಲ. ಉಳಿದವನ್ನು ಒಂದೊಂದಾಗಿ ಓದಿ ಒತ್ತಿದಳು. ಕೊನೆಗೆ ಒಂದು ಕೋಷ್ಟಕ ಮಾಡಬೇಕಿತ್ತು: ಶಾಲೆಯ ಐದು ಮಕ್ಕಳ ಅಂಕ, ಅವುಗಳ ಸರಾಸರಿ. ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಐದು ಮಕ್ಕಳ ಬದಲು ಐದು ಜನ ಕಿಟ್ಲಿ ಹಿಡಿದು ನಿಂತಂತೆ ಕಂಡಿತು. ಆಮೇಲೆ ಕೈ ನಿಲ್ಲಲಿಲ್ಲ. ಮಗ್ಗುಲಿನ ಹುಡುಗ ಇನ್ನೂ ಗೆರೆ ಎಳೆಯುತ್ತಿದ್ದಾಗ ಅವಳದು ಮುಗಿದಿತ್ತು.

ಹನ್ನೆರಡು ದಿನಕ್ಕೆ ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ತೊಂದು. ಕಾಶಿಬಾಯಿ ಸಕ್ಕರೆ ಡಬ್ಬಿ ಹಿಡಿದು ಓಣಿಯಲ್ಲಿ ಹೊರಟಳು. ಭೂಪಾಲ ಮೊಬೈಲನ್ನು ಎಮ್ಮೆಯ ಮುಖದ ಎದುರಿಗೆ ಹಿಡಿದು, “ನೋಡು, ನೀ ನಪಾಸು,” ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ತಲೆಯ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

ಅಕ್ಕುತಾಯಿ ಸರ್ಟಿಫಿಕೇಟಿನ ಪ್ರತಿಯನ್ನು ಡೇರಿಯ ಮೇಜಿನ ಮೇಲೆ ಇಟ್ಟಾಗ ಅಣ್ಣಾಸಾಬ ಕನ್ನಡಕ ಹಾಕಿಕೊಂಡು ಎರಡೂ ಬದಿ ನೋಡಿದ. ಹಿಂದಿನ ಬದಿ ಖಾಲಿಯಿತ್ತು, ಅದನ್ನೂ ಓದಿದ.

“ಜಕ್ಕಪ್ಪನವರನ್ನ ಇರಾಕ ಹೇಳೇನಿ. ಅವರು ಏನಂತಾರೋ,” ಅಂದ.

ಜಕ್ಕಪ್ಪ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. “ನಾ ಏನನ್ನೂದು? ಮೂರು ತಿಂಗಳಾತು, ಹೆಂಡತಿ ಕೈಯಿನ ರೊಟ್ಟಿ ಕಂಡಿಲ್ಲ. ಅಕ್ಟೋಬರಿನಿಂದ ಸಂಜೀ ಚೀಟಿ ಎಲ್ಲಾ ಆಕೀನ ತಗದಾಳ ಚೇರಮನ್ನರ. ನಿಮಗ ಇಷ್ಟು ದಿನಾ ಗೊತ್ತಾಗಲಿಲ್ಲಂದ್ರ ಆಕಿ ಕೆಲಸ ನನಗಿಂತ ಚಲೋ ಆಗೇತಿ ಅಂತ ಅರ್ಥ.”

“ಮತ್ತ ವಿಚಾರ ಮಾಡ್ತೀನಿ ಅಂದಿದ್ರಿ?”

“ಒಮ್ಮೆಲೆ ಒಲ್ಲೆ ಅಂದಿದ್ರ ನೀವು ಬ್ಯಾರೆ ಯಾರನ್ನರೆ ಕರಸ್ತಿದ್ರಿ.”

ಅಣ್ಣಾಸಾಬ ಜಕ್ಕಪ್ಪನನ್ನು ನೋಡಿದ, ಅಕ್ಕುತಾಯಿಯನ್ನು ನೋಡಿದ, ಕೊನೆಗೆ ಟೊಪ್ಪಿಗೆ ತಲೆಗಿಟ್ಟುಕೊಂಡ. “ಕಮಿಟಿ ಸಭಾ ಶುಕ್ರವಾರ ಐತಿ. ನಾನ ಹೆಸರು ಸೂಚಸ್ತೀನಿ. ತಂಗಿ, ಮುಂದಿನ ಚಾತುರ್ಮಾಸದಾಗ ಮಾತ್ರ ಡೇರಿ ಬಿಡ್ತೀನಿ ಅಂತ ನೇಮಾ ತಗೋಬ್ಯಾಡವಾ.”

ಜನವರಿ ಒಂದರ ಬೆಳಿಗ್ಗೆ ಆರು ಗಂಟೆಗೆ ಅಕ್ಕುತಾಯಿ ಆ ಕುರ್ಚಿಯ ಮೇಲೆ ಕೂತಳು. ಚಳಿಗೆ ಹೆಂಗಸರು ಸೆರಗು ಹೊದ್ದು ಸಾಲು ನಿಂತಿದ್ದರು. ಬಾಟಲಿ ಹಿಡಿಯಲು ಬಂದ ಪೂನಮ ಊರಿಗೆ ಹೊಸ ಸೊಸೆ, ಅವಳ ದನಿ ಇನ್ನೂ ಸಣ್ಣದು. “ಗಟ್ಟಿ ಹೇಳ ಬೇ, ಹೆದರಬ್ಯಾಡ,” ಎಂದು ಅಕ್ಕುತಾಯಿ ಧೈರ್ಯ ಹೇಳಿದಳು. ಪೂನಮ ಹೇಳಿದಳು, ಅಕ್ಕುತಾಯಿ ಒತ್ತಿದಳು, ಚೀಟಿ ಹೊರಗೆ ಬಂತು. ಮೊದಲ ಏಳು ಜನರಿಗೆ ಸರಾಗವಾಗಿ ಹೋಯಿತು. ಎಂಟನೆಯವಳು ಶೇವಂತಾ. ಅವಳ ಹಾಲಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಕರೆಂಟು ಹೋಗಿ ಪರದೆ ಕಪ್ಪಾಯಿತು.

“ಏನಕ್ಕಾ, ನಿನ್ನ ಕಂಪ್ಯೂಟರಿಗೂ ಇವತ್ತ ಉಪವಾಸ ಏನ?” ಅಂದಳು ಶೇವಂತಾ. ಸಾಲೆಲ್ಲ ನಕ್ಕಿತು.

“ಕರೆಂಟ ಬಂದು ಅದರ ಪಾರಣಿ ಆಗೂ ತನಕ ನಾ ಅದೀನಲ್ಲ,” ಎಂದು ಅಕ್ಕುತಾಯಿ ಮೇಜಿನ ಖಾನೆ ಎಳೆದು ಹಳೆಯ ರಿಜಿಸ್ಟರು ತೆಗೆದಳು, ಪೆನ್ನಿನ ಟೊಪ್ಪಿಗೆ ಬಿಚ್ಚಿ ಶೇವಂತಾಳ ಹೆಸರು ಬರೆದಳು. “ಪೂನಮ, ಎಷ್ಟು ಬಂತು ಹೇಳವಾ.”